ವಿಟ್ಬಿಯ ಮಠಮಾತೆ ಸಂತ ಹಿಲ್ಡಾ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವಿಟ್ಬಿ ಪಟ್ಟಣದಲ್ಲಿ, ಕಡಲನ್ನು ನೋಡುವ ಗುಡ್ಡದ ಮೇಲೆ, ಚಾವಣಿಯಿಲ್ಲದ ಮಹಾದೇವಾಲಯವೊಂದು ನಿಂತಿದೆ. ಊರಿನಿಂದ 199 ಮೆಟ್ಟಿಲುಗಳನ್ನೇರಿ ಅಲ್ಲಿಗೆ ಹೋಗುತ್ತಾರೆ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಪಾಳುಬಿದ್ದ ದೇವಾಲಯದ ಮಾತೇಕೆ ಎಂದು ವಾಚಕರು ಕೇಳಬಹುದು. ಆ ಗುಡ್ಡದ ಮೇಲೆ ಮೊದಲ ಮಠವನ್ನು ಕಟ್ಟಿದ ಸಂತ ಹಿಲ್ಡಾರ ಚರಿತ್ರೆಗಾಗಿ ನಾವು ಅದನ್ನು ನೆನೆಯುತ್ತಿದ್ದೇವೆ. ಬಲ್ಲವರೆಲ್ಲರೂ ಆಕೆಯನ್ನು ತಾಯಿಯೆಂದೇ ಕರೆಯುತ್ತಿದ್ದರೆಂದು ಪೂಜ್ಯ ಬೀಡರು ಬರೆದಿದ್ದಾರೆ; ನಾವೂ ಹಿಲ್ಡಮ್ಮನವರೆಂದರೆ ತಪ್ಪಾಗದು.

ಅವರು 614ರಲ್ಲಿ ನಾರ್ಥಂಬ್ರಿಯದ ರಾಜವಂಶದಲ್ಲಿ ಜನಿಸಿದರು. ದೇಶಭ್ರಷ್ಟನಾಗಿದ್ದ ತಂದೆ ವಿಷಪ್ರಯೋಗದಿಂದ ಮಡಿದನು. ಆ ದಿನಗಳಲ್ಲಿ ತಾಯಿಯು ತನ್ನ ಉಡುಪಿನಡಿಯಲ್ಲಿ ರತ್ನಹಾರವೊಂದು ಬ್ರಿಟನ್ ದೇಶವನ್ನೆಲ್ಲಾ ಬೆಳಗುವಂತೆ ಕನಸು ಕಂಡಳಂತೆ. 627ರಲ್ಲಿ ಸಂತ ಪೌಲಿನುಸರ ಬೋಧನೆಯಿಂದ ಬಂಧುವಾದ ಅರಸ ಎಡ್ವಿನನೊಡನೆ ಹಿಲ್ಡಮ್ಮನವರೂ ಜ್ಞಾನಸ್ನಾನ ಪಡೆದರು. ಮೂವತ್ತಮೂರನೆಯ ವಯಸ್ಸಿನಲ್ಲಿ ಲೌಕಿಕ ಜೀವನವನ್ನು ತೊರೆದು, ಫ್ರಾನ್ಸಿನ ಶೆಲ್ ಮಠಕ್ಕೆ ಹೋಗಬೇಕೆಂದಿದ್ದಾಗ, ಬಿಷಪ್ ಸಂತ ಐಡನರು ಅವರನ್ನು ಸ್ವದೇಶಕ್ಕೆ ಹಿಂದಕ್ಕೆ ಕರೆಸಿದರು. ಕೆಲವು ವರ್ಷ ಹಾರ್ಟ್ಲ್‌ಪೂಲ್ ಮಠವನ್ನು ನಡೆಸಿ, 657ರಲ್ಲಿ ವಿಟ್ಬಿಯ ಮಠವನ್ನು ಸ್ಥಾಪಿಸಿದರು.

ಅಲ್ಲಿ ಸನ್ಯಾಸಿಗಳೂ ಕನ್ಯಾಸ್ತ್ರೀಯರೂ ಬೇರೆ ಬೇರೆ ವಾಸಿಸುತ್ತಾ ಒಬ್ಬ ತಾಯಿಯ ಆಡಳಿತಕ್ಕೆ ಒಳಪಟ್ಟಿದ್ದರು. ಸೊತ್ತೆಲ್ಲವೂ ಸರ್ವರಿಗೂ ಸೇರಿದ್ದರಿಂದ ಧನಿಕರೂ ಇರಲಿಲ್ಲ, ದರಿದ್ರರೂ ಇರಲಿಲ್ಲ. ಅರಸರು ಸಲಹೆ ಕೇಳಲು ಬರುತ್ತಿದ್ದರು. ಆ ಮಠದಲ್ಲಿ ಪವಿತ್ರ ಗ್ರಂಥವನ್ನು ಕಲಿತವರಲ್ಲಿ ಐವರು ಬಿಷಪರಾದರು.

ಆದರೆ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದವನು ಮಠದ ದನ ಕಾಯುವ ಕ್ಯಾಡ್ಮನ್. ಔತಣದಲ್ಲಿ ಕಿನ್ನರಿಯು ಕೈಯಿಂದ ಕೈಗೆ ಬರುವುದನ್ನು ಕಂಡರೆ, ಹಾಡಲು ಬಾರದ ಅವನು ನಾಚಿ ಎದ್ದು ಹೋಗುತ್ತಿದ್ದನು. ಒಂದು ರಾತ್ರಿ ಹೀಗೆಯೇ ಕೊಟ್ಟಿಗೆಯಲ್ಲಿ ಮಲಗಿದ್ದಾಗ, ಸೃಷ್ಟಿಯನ್ನು ಹಾಡೆಂದು ಕನಸಿನಲ್ಲಿ ಅಪ್ಪಣೆಯಾಯಿತು, ಅವನು ಹಾಡಿದನು. ಬೆಳಿಗ್ಗೆ ಹಿಲ್ಡಮ್ಮನವರು ನಗಲಿಲ್ಲ, ಗದರಲಿಲ್ಲ. ಪಂಡಿತರ ಮುಂದೆ ಅವನನ್ನು ಪರೀಕ್ಷಿಸಿ, ಅದು ದೇವರ ವರವೆಂದರಿತು, ಮಠದ ಸಹೋದರನನ್ನಾಗಿ ಸೇರಿಸಿಕೊಂಡರು. ಹೆಸರು ತಿಳಿದಿರುವ ಇಂಗ್ಲಿಷ್ ಕವಿಗಳಲ್ಲಿ ಅವನೇ ಮೊದಲಿಗನೆನ್ನುತ್ತಾರೆ. ದನಗಾಹಿಯ ಮಾತಿಗೆ ಕಿವಿಗೊಡುವಷ್ಟು ಬಿಡುವು ಎಷ್ಟು ಮಂದಿ ಮಠಾಧಿಪತಿಗಳಿಗಿರುತ್ತದೆ?

664ರಲ್ಲಿ ಅವರಿಗೆ ಕಠಿಣ ಪರೀಕ್ಷೆ ಒದಗಿತು. ಅರಸ ಓಸ್ವಿಯು ಐರಿಷ್ ಗಣನೆಯಂತೆ ಪಾಸ್ಖ ಹಬ್ಬವನ್ನಾಚರಿಸುವಾಗ, ರೋಮಿನ ಗಣನೆಯನ್ನು ಪಾಲಿಸುವ ರಾಣಿಯು ಇನ್ನೂ ತಪಸ್ಸುಕಾಲದ ಉಪವಾಸದಲ್ಲಿರುವಂತಹ ಗೊಂದಲವಿತ್ತು. ಇದರ ತೀರ್ಮಾನಕ್ಕಾಗಿ ಹಿಲ್ಡಮ್ಮನವರ ಮಠದಲ್ಲೇ ಸಭೆ ಸೇರಿತು. ಐಡನರಿಂದ ಮಾರ್ಗದರ್ಶನ ಪಡೆದ ಅವರು ಐರಿಷ್ ಪಕ್ಷದವರು. ಅರಸನು ಸಂತ ಪೇತ್ರರ ಪೀಠದ ಪಕ್ಷವನ್ನು ಹಿಡಿದನು. ಬಿಷಪ್ ಕೋಲ್ಮನರು ಬೇಸತ್ತು, ಅನುಯಾಯಿಗಳೊಡನೆ ದೇಶವನ್ನೇ ಬಿಟ್ಟರು. ಹಿಲ್ಡಮ್ಮನವರು ಉಳಿದರು, ಮಠವನ್ನು ಒಡೆಯಗೊಡಲಿಲ್ಲ. ಸ್ವಂತ ಮನೆಯಲ್ಲೇ ಸೋತು, ಮರುದಿನ ಅದೇ ಮನೆಯವರನ್ನು ಪ್ರಾರ್ಥನೆಗೆ ಕೂಡಿಸುವುದು ಎಷ್ಟು ಕಷ್ಟವೆಂದು ಧರ್ಮಕೇಂದ್ರಗಳನ್ನು ನಡೆಸಿದವರು ಬಲ್ಲರು. ಮುಂದೆ ರೋಮ್ ಪಕ್ಷದ ವಿಲ್ಫ್ರಿಡರ ವಿರುದ್ಧ ದೂರು ಒಯ್ಯಲು ಅವರು ರೋಮಿಗೇ ದೂತರನ್ನು ಕಳುಹಿಸಿದರು. ಸಂತರಿಗೂ ಅಸಮಾಧಾನವುಂಟು.

ಆರು ವರ್ಷ ಜ್ವರದಿಂದ ನರಳಿದರೂ ಬೋಧನೆಯನ್ನು ಬಿಡದೆ, 680ರ ನವೆಂಬರ್ 17ರಂದು, ಪರಮ ಪ್ರಸಾದವನ್ನು ಸ್ವೀಕರಿಸಿ ದೈವಾಧೀನರಾದರು. ಅದೇ ರಾತ್ರಿ ಹದಿಮೂರು ಮೈಲಿ ದೂರದ ಹ್ಯಾಕ್ನೆಸ್ ಮಠದಲ್ಲಿ ಬೇಗು ಎಂಬ ಕನ್ಯಾಸ್ತ್ರೀಯು ಮರಣದ ಗಂಟೆಯನ್ನು ಕೇಳಿ, ತಾಯಿಯ ಆತ್ಮವು ಬೆಳಕಿನಲ್ಲಿ ಮೇಲೇರುವುದನ್ನು ಕಂಡಳು.

ಮಠವು 9ನೆಯ ಶತಮಾನದಲ್ಲಿ ಡೇನರ ದಾಳಿಗೆ ತುತ್ತಾಯಿತು. 11ನೆಯ ಶತಮಾನದಲ್ಲಿ ಪುನಃ ಸ್ಥಾಪಿತವಾಗಿ, 1539ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಲ್ಪಟ್ಟಿತು. 1830ರಲ್ಲಿ ನಡುಗೋಪುರ ಕುಸಿಯಿತು. 1914ರಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡುಗಳು ತಗಲಿದವು. ಈಗ ಕಾಣುವ ಗೋಡೆಗಳು ಹಿಲ್ಡಮ್ಮನವರ ಕಾಲದವಲ್ಲ, ಹೆಚ್ಚಿನವು 13ನೆಯ ಶತಮಾನ ಮತ್ತು ಅನಂತರದವು.

ಜನರು ಮಾತ್ರ ಅವರನ್ನು ಮರೆಯಲಿಲ್ಲ. ಗುಡ್ಡದ ಹಾವುಗಳನ್ನು ಅವರು ಕಲ್ಲಾಗಿಸಿದರೆಂದು ಹೇಳಿ, ತೀರದಲ್ಲಿ ಸಿಗುವ ಸುರುಳಿಗಲ್ಲುಗಳನ್ನು ತೋರಿಸುತ್ತಿದ್ದರು. ಅವು ಪುರಾತನ ಕಡಲಜೀವಿಗಳ ಪಳೆಯುಳಿಕೆಗಳು. ನಮ್ಮ ಹಿಂದೂ ಸಹೋದರರು ಪೂಜಿಸುವ ಗಂಡಕಿ ನದಿಯ ಸಾಲಿಗ್ರಾಮಗಳಲ್ಲೂ ಇಂಥವೇ ಇವೆ. ವಿಜ್ಞಾನಿಗಳೂ ಅವುಗಳ ಒಂದು ಕುಲಕ್ಕೆ ಹಿಲ್ಡೊಸೆರಸ್ ಎಂದು ಆಕೆಯ ಹೆಸರನ್ನೇ ಇಟ್ಟಿದ್ದಾರೆ. ಮಠದ ಮೇಲೆ ಹಾರುವ ಹಕ್ಕಿಗಳು ಗೌರವದಿಂದ ರೆಕ್ಕೆ ತಗ್ಗಿಸುತ್ತವೆಂಬುದು ಇನ್ನೊಂದು ಐತಿಹ್ಯ. ಮಠ ಮುಚ್ಚಿದಾಗ ಅದರ ಗಂಟೆಗಳನ್ನು ಹಡಗಿಗೆ ಹೇರಿದರಂತೆ. ತೀರ ಬಿಡುವ ಮೊದಲೇ ಹಡಗು ಮುಳುಗಿತಂತೆ. ಆ ಗಂಟೆಗಳು ನೀರಿನಡಿಯಲ್ಲಿ ಇನ್ನೂ ಬಾರಿಸುತ್ತವೆಂದು ವಿಟ್ಬಿಯ ಬೆಸ್ತರು ಹೇಳುತ್ತಾ ಬಂದಿದ್ದಾರೆ.