ಮೈಕ್ರೋವೇವ್ ಪಾಠ ಹೇಳಿದ ರಾಜೇಶ್ವರಿ ಮೇಡಂ

ಹೈದರಾಬಾದಿನಲ್ಲಿ ಕೂತು ವೈ-ಫೈ ಸಿಗ್ನಲ್ ಸಿಗಲಿಲ್ಲವೆಂದು ಗೊಣಗುವ ನಾವು, ಅಂಥ ಅಲೆಗಳ ಪಾಠವನ್ನು ದಶಕಗಳ ಹಿಂದೆಯೇ ಹೇಳಿದ ಕನ್ನಡತಿ ರಾಜೇಶ್ವರಿ ಚಟರ್ಜಿಯವರನ್ನು ನೆನೆಯಬೇಕು.

1922ರಲ್ಲಿ ಹುಟ್ಟಿದ ಅವರಿಗೆ ಓದಿನ ಬೆಂಬಲ ಮನೆಯಲ್ಲೇ ಇತ್ತು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ಸ್ಕಾಲರ್‌ಶಿಪ್ ಪಡೆದು ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೊರಟರು. ಮದುವೆಯಾಗದ ಹುಡುಗಿ ಸಮುದ್ರ ದಾಟುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಪಿಎಚ್.ಡಿ. ಪಡೆದು 1953ರಲ್ಲಿ ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ, ಇಬ್ಬರೂ ಜೊತೆಯಾಗಿ ಮೈಕ್ರೋವೇವ್ ಸಂಶೋಧನೆ ಬೆಳೆಸಿದರು. ರೇಡಾರ್, ವಿಮಾನಗಳಿಗೆ ಬೇಕಾದ ಆಂಟೆನಾಗಳು ಅವರ ಕ್ಷೇತ್ರ. ಮುಂದೆ ವಿಭಾಗದ ಮುಖ್ಯಸ್ಥೆಯಾದರು. 20 ಮಂದಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದಲ್ಲಿ ತೊಡಗಿಕೊಂಡರು. 2010ರಲ್ಲಿ ತೀರಿಕೊಂಡರು. ಮಗಳೂ ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆದರು.

ನಾನು ಎಂ.ಟೆಕ್.ಗೆ ಸೇರಿದಾಗ, ಹುಡುಗಿಗೆ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಆ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿ, ಕೆಲಸದಲ್ಲೇ ಉತ್ತರ ಕೊಟ್ಟವರು ಇಂಥ ಮೇಡಂಗಳು.