ಮೈಸೂರಿನ ಮೇಷ್ಟ್ರು, ಬೆಜವಾಡದ ಮೊದಲ ಕುಲಪತಿ
ಆಂಧ್ರ ವಿಶ್ವವಿದ್ಯಾಲಯ ಕಟ್ಟಿದ ಸಿ.ಆರ್. ರೆಡ್ಡಿ ಅವರ ಕನ್ನಡ ನಾಡಿನ ನಂಟು

ವಿಜಯವಾಡ: ಗವರ್ನರ್‌ಪೇಟೆಯ ಬೆಸೆಂಟ್ ರಸ್ತೆಯಲ್ಲಿ ದಿನವೂ ಓಡಾಡುವ ಕನ್ನಡಿಗರು ಅನೇಕರಿದ್ದಾರೆ. ಆಂಧ್ರ ವಿಶ್ವವಿದ್ಯಾಲಯ ಎಂದರೆ ಅವರಿಗೂ ನೆನಪಾಗುವುದು ವಿಶಾಖಪಟ್ಟಣದ ಕಡಲ ದಂಡೆಯೇ. ಆದರೆ ಆ ವಿಶ್ವವಿದ್ಯಾಲಯ ಹುಟ್ಟಿದ್ದು ಇದೇ ಊರಿನಲ್ಲಿ, ಇದು ಇನ್ನೂ ಬೆಜವಾಡ ಎನಿಸಿಕೊಂಡಿದ್ದ 1926ರಲ್ಲಿ. ಅದರ ಮೊದಲ ಕುಲಪತಿಯಾದವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ ಹೆಸರಾಗಿದ್ದ ಪ್ರಾಧ್ಯಾಪಕರು ಎಂಬುದು ಇಲ್ಲಿನ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಅವರೇ ಸರ್ ಕಟ್ಟಮಂಚಿ ರಾಮಲಿಂಗಾ ರೆಡ್ಡಿ.

ಚಿತ್ತೂರಿನಿಂದ ಕೇಂಬ್ರಿಜ್‌ಗೆ

ರೆಡ್ಡಿಯವರು 1880ರ ಡಿಸೆಂಬರ್ 10ರಂದು ಚಿತ್ತೂರಿನ ಸಮೀಪದ ಕಟ್ಟಮಂಚಿಯಲ್ಲಿ ಜನಿಸಿದರು. ಚಿತ್ತೂರಿನಲ್ಲಿ ಶಾಲಾ ವ್ಯಾಸಂಗ ಮುಗಿಸಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. ವಿದ್ಯಾರ್ಥಿಯಾಗಿದ್ದಾಗಲೇ 'ಮುಸಲಮ್ಮ ಮರಣಂ' ಎಂಬ ಕಾವ್ಯ ಬರೆದು ಕಾಲೇಜಿನ ತೆಲುಗು ಸಂಘದ ಬಹುಮಾನ ಪಡೆದರು.

ಈ ಕಾವ್ಯದ ವಸ್ತು ಕನ್ನಡಿಗರಿಗೆ ಹೊಸದೇನಲ್ಲ. ಅನಂತಪುರದ ಪಕ್ಕದ ಬುಕ್ಕರಾಯಸಮುದ್ರದ ಕೆರೆ ಒಡೆಯುವ ಹಂತಕ್ಕೆ ಬಂದಾಗ ಊರನ್ನು ಉಳಿಸಲು ಪ್ರಾಣ ಕೊಟ್ಟ ಸೊಸೆಯ ಕಥೆ ಅದು. ನಮ್ಮ ಜನಪದರ 'ಕೆರೆಗೆ ಹಾರ'ದ ಭಾಗೀರಥಿಯ ಅಕ್ಕತಂಗಿಯಂತೆ ಕಾಣುತ್ತಾಳೆ ಈ ಮುಸಲಮ್ಮ. ಅಲ್ಲಿ ಕೆರೆಗೆ ನೀರು ಬಾರದ ಕಷ್ಟ, ಇಲ್ಲಿ ನೀರು ಉಕ್ಕಿದ ಕಷ್ಟ. ಎರಡೂ ಕಡೆ ಬಲಿಯಾದವಳು ಮನೆಯ ಸೊಸೆಯೇ. ಪುರಾಣದ ರಾಜರಾಣಿಯರನ್ನು ಬಿಟ್ಟು ರೈತರ ಮನೆಯ ಹೆಣ್ಣನ್ನು ನಾಯಕಿಯಾಗಿಸಿದ ಈ ಕೃತಿಗೆ ಹೊಸ ತೆಲುಗು ಕಾವ್ಯದ ಮೊದಲ ಹೆಜ್ಜೆಗಳಲ್ಲಿ ಸ್ಥಾನವಿದೆ.

ಪದವಿಯ ನಂತರ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಇತಿಹಾಸ ಓದಿದರು. ವಾಗ್ಮಿಯೆಂದು ಹೆಸರಾದ ಅವರು ಕೇಂಬ್ರಿಜ್ ಯೂನಿಯನ್ ಚರ್ಚಾ ಸಂಘದ ಉಪಾಧ್ಯಕ್ಷರಾಗಿ ಆಯ್ಕೆಯಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ.

ಮೈಸೂರಿನ ವರ್ಷಗಳು

ಸ್ವದೇಶಕ್ಕೆ ಮರಳಿದ ಮೇಲೆ ಬರೋಡಾ ಕಾಲೇಜಿನಲ್ಲಿ ಕೆಲಕಾಲ ಕೆಲಸ ಮಾಡಿದರು. ಅರವಿಂದರು ಹಿಂದೆ ಪಾಠ ಹೇಳಿದ್ದ ಕಾಲೇಜದು. 1909ರ ಹೊತ್ತಿಗೆ ಮೈಸೂರು ಅವರನ್ನು ಬರಮಾಡಿಕೊಂಡಿತು. ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಆಮೇಲೆ ಪ್ರಾಂಶುಪಾಲರಾಗಿ, ಕೊನೆಗೆ ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದರು. ತೆಲುಗು ವಿಮರ್ಶೆಗೆ ಹೊಸ ದಾರಿ ತೋರಿದ 'ಕವಿತ್ವ ತತ್ತ್ವ ವಿಚಾರಮು' ಹೊರಬಂದದ್ದೂ ಈ ಅವಧಿಯಲ್ಲೇ, 1914ರಲ್ಲಿ.

ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯ ಬೇಕೆಂಬ ಯೋಚನೆ ಆಗ ಬಲಗೊಳ್ಳುತ್ತಿತ್ತು. ಹೊರದೇಶಗಳ ವಿಶ್ವವಿದ್ಯಾಲಯಗಳ ವ್ಯವಸ್ಥೆಯ ಬಗ್ಗೆ ರೆಡ್ಡಿಯವರು ಮತ್ತು ಥಾಮಸ್ ಡೆನ್‌ಹ್ಯಾಂ ಅವರು ನೀಡಿದ ವರದಿಗಳು ಆ ಯೋಜನೆಗೆ ಆಧಾರವಾದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ಅವರ ದಿವಾನಗಿರಿಯಲ್ಲಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕಾನೂನು ಪಂಡಿತರೂ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಆಗಿದ್ದ ಎಚ್.ವಿ. ನಂಜುಂಡಯ್ಯ ಅವರು ಅದರ ಮೊದಲ ಕುಲಪತಿಯಾದರು. ಒಂದು ವಿಶ್ವವಿದ್ಯಾಲಯ ಕಾಗದದ ಮೇಲಿನಿಂದ ನೆಲಕ್ಕಿಳಿಯುವುದನ್ನು ರೆಡ್ಡಿಯವರು ಹತ್ತಿರದಿಂದ ಕಂಡರು. ಈ ಅನುಭವ ಮುಂದೆ ಬೆಜವಾಡದಲ್ಲಿ ಅವರ ಕೈ ಹಿಡಿಯಿತು.

ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ಅವರು ಎದುರಿಸಿದ ದೊಡ್ಡ ಪರೀಕ್ಷೆ ಬೇರೆ. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಸಮುದಾಯಗಳ ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳುವ ವಿಚಾರದಲ್ಲಿ ಮೇಲ್ಜಾತಿಯವರಿಂದ ವಿರೋಧ ಎದ್ದಿತ್ತು. ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಬೇಕು ಎಂಬ ನಿಲುವಿನಿಂದ ರೆಡ್ಡಿಯವರು ಹಿಂದೆ ಸರಿಯಲಿಲ್ಲ. ಹಿಂದುಳಿದ ವರ್ಗಗಳಿಗೆ ಶಿಕ್ಷಣ ಮತ್ತು ನೌಕರಿಯಲ್ಲಿ ಪಾಲು ಕೇಳುವ ಚಳವಳಿ ಮೈಸೂರಿನಲ್ಲಿ ಬೆಳೆಯುತ್ತಿದ್ದ ದಿನಗಳಲ್ಲಿ ಅದರ ಮುಂದಾಳುಗಳಿಗೆ ಅವರ ಪ್ರೋತ್ಸಾಹವೂ ಇತ್ತು.

ರಾಜಕೀಯದ ಕಣದಲ್ಲಿ

1920ರ ದಶಕದ ಆರಂಭದಲ್ಲಿ ಮೈಸೂರಿನ ಕೆಲಸ ಬಿಟ್ಟು ಮದ್ರಾಸ್ ಪ್ರಾಂತ್ಯದ ರಾಜಕೀಯಕ್ಕೆ ಧುಮುಕಿದರು. ಜಸ್ಟಿಸ್ ಪಕ್ಷದಲ್ಲಿದ್ದರೂ ಪಾನಗಲ್ ರಾಜರ ಮಂತ್ರಿಮಂಡಲದ ನಡೆ ಅವರಿಗೆ ಹಿಡಿಸಲಿಲ್ಲ. ಭಿನ್ನಮತೀಯರ ನಾಯಕರಾಗಿ 1923ರ ನವೆಂಬರ್‌ನಲ್ಲಿ ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಅವಿಶ್ವಾಸ ನಿರ್ಣಯ ತಂದರು. ಅದಕ್ಕೆ ಮುನ್ನ ಅಲ್ಲಿ ಅಂಥದ್ದು ನಡೆದಿರಲಿಲ್ಲ. ನಿರ್ಣಯದ ಪರ 44, ವಿರುದ್ಧ 65 ಮತಗಳು ಬಿದ್ದು ಸೋಲಾಯಿತು. ಸೋಲು ಖಚಿತವಿದ್ದರೂ ಅನಿಸಿದ್ದನ್ನು ಸಭೆಯ ಮುಂದಿಡುವ ಸ್ವಭಾವ ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಬೆಜವಾಡದಲ್ಲಿ ಹೊಸ ವಿಶ್ವವಿದ್ಯಾಲಯ

ಅಲ್ಲಿಯವರೆಗೆ ತೆಲುಗು ಜಿಲ್ಲೆಗಳ ಕಾಲೇಜುಗಳೆಲ್ಲ ಮದ್ರಾಸ್ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆ ಈಡೇರಿ 1926ರ ಏಪ್ರಿಲ್ 26ರಂದು ಆಂಧ್ರ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ರೆಡ್ಡಿಯವರು ಮೊದಲ ಕುಲಪತಿಯಾದರು.

ಹುಟ್ಟಿದ ಕೂಸಿಗೆ ಮನೆ ಯಾವುದು ಎಂಬುದೇ ದೊಡ್ಡ ಜಗಳವಾಯಿತು. ಬೆಜವಾಡ, ರಾಜಮಹೇಂದ್ರಿ, ವಿಶಾಖಪಟ್ಟಣ, ಅನಂತಪುರ ಹೀಗೆ ಒಂದೊಂದು ಸೀಮೆಯವರದೂ ಒಂದೊಂದು ವಾದ. ಕರಾವಳಿಗೂ ರಾಯಲಸೀಮೆಗೂ ನಡುವಿನ ಮನಸ್ತಾಪ ಇದರಲ್ಲಿ ಎದ್ದು ಕಂಡಿತು. ಇದೆಲ್ಲದರ ನಡುವೆ ಹೊಸ ಸಂಸ್ಥೆಯನ್ನು ಕಾಲ ಮೇಲೆ ನಿಲ್ಲಿಸುವ ಹೊಣೆ ರೆಡ್ಡಿಯವರದಾಗಿತ್ತು. ಕಮಲ, ಸ್ವಸ್ತಿಕಗಳಿರುವ ವಿಶ್ವವಿದ್ಯಾಲಯದ ಲಾಂಛನ ಅವರ ಮಾರ್ಗದರ್ಶನದಲ್ಲೇ ಕಲಾವಿದ ಕೌತಾ ರಾಮಮೋಹನ ಶಾಸ್ತ್ರಿ ಅವರಿಂದ ರೂಪುಗೊಂಡಿತು. ಕಡೆಗೆ 1930ರಲ್ಲಿ ವಿಶ್ವವಿದ್ಯಾಲಯ ವಾಲ್ತೇರಿಗೆ ಹೋಯಿತು.

ಅದೇ ವರ್ಷ ದೇಶದಲ್ಲಿ ಉಪ್ಪಿನ ಸತ್ಯಾಗ್ರಹ, ಕಾನೂನು ಭಂಗ ಚಳವಳಿ. ಸತ್ಯಾಗ್ರಹಿಗಳ ಮೇಲೆ ಬ್ರಿಟಿಷ್ ಸರ್ಕಾರ ನಡೆಸಿದ ದಬ್ಬಾಳಿಕೆಯನ್ನು ಪ್ರತಿಭಟಿಸಿ ರೆಡ್ಡಿಯವರು ಕುಲಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷ ಬೆವರು ಸುರಿಸಿ ಕಟ್ಟಿದ ಸಂಸ್ಥೆ ನೆಲೆ ಕಾಣುತ್ತಿದ್ದ ಹೊತ್ತಿನಲ್ಲೇ ಅದನ್ನು ಬಿಟ್ಟು ನಡೆಯುವುದು ಸುಲಭದ ಮಾತಾಗಿರಲಿಲ್ಲ.

ಅವರ ನಂತರ 1931ರಲ್ಲಿ ಬಂದವರು ಡಾ. ಎಸ್. ರಾಧಾಕೃಷ್ಣನ್. ಅವರೂ 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದವರು. ಹೀಗೆ ಆಂಧ್ರ ವಿಶ್ವವಿದ್ಯಾಲಯದ ಮೊದಲ ಇಬ್ಬರು ಕುಲಪತಿಗಳನ್ನೂ ಮಹಾರಾಜಾ ಕಾಲೇಜು ಕಂಡಿತ್ತು.

ಮತ್ತೆ ಅದೇ ಹೊಣೆ

1936ರಲ್ಲಿ ರೆಡ್ಡಿಯವರು ಮತ್ತೆ ಕುಲಪತಿಯಾಗಿ ಆಯ್ಕೆಯಾದರು. ಈ ಬಾರಿ 1949ರವರೆಗೆ, 13 ವರ್ಷ. ನಡುವೆ ಎರಡನೇ ಮಹಾಯುದ್ಧ ಬಂತು. 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿ ವಿಮಾನಗಳು ಬಾಂಬು ಹಾಕಿದವು. ವಿಶ್ವವಿದ್ಯಾಲಯ ಗುಂಟೂರಿಗೆ ಗುಳೆ ಹೋಗಬೇಕಾಯಿತು. ಪರವೂರಿನಲ್ಲಿದ್ದರೂ ಪಾಠ ನಿಲ್ಲಲಿಲ್ಲ; ಕಾನೂನು ಕಾಲೇಜು ಆರಂಭವಾದದ್ದು ಆ ಕಷ್ಟಕಾಲದಲ್ಲೇ, 1945ರಲ್ಲಿ. ಯುದ್ಧದ ನಂತರ ವಿಶ್ವವಿದ್ಯಾಲಯ ಮತ್ತೆ ವಾಲ್ತೇರಿಗೆ ಮರಳಿತು. 1942ರಲ್ಲಿ ಅವರಿಗೆ 'ಸರ್' ಪದವಿಯೂ ಸಂದಿತು.

1949ರಲ್ಲಿ ವಾಲ್ತೇರು ಬಿಟ್ಟಾಗ ಅವರನ್ನು ಕರೆದದ್ದು ಮತ್ತೆ ಮೈಸೂರೇ. ತಾವು ಯೌವನದಲ್ಲಿ ರೂಪಿಸಲು ನೆರವಾದ ವಿಶ್ವವಿದ್ಯಾಲಯಕ್ಕೆ ಇಳಿವಯಸ್ಸಿನಲ್ಲಿ ಪ್ರೊ ಚಾನ್ಸಲರ್ ಆದರು. ಆದರೆ ಆಯುಷ್ಯ ಹೆಚ್ಚು ದಿನ ಇರಲಿಲ್ಲ. 1951ರ ಫೆಬ್ರವರಿ 24ರಂದು ನಿಧನರಾದರು. ತೆಲುಗರ ಪ್ರತ್ಯೇಕ ರಾಜ್ಯವನ್ನು ಕಾಣಲು ಅವರು ಉಳಿಯಲಿಲ್ಲ. ಅದು ಬಂದದ್ದು 1953ರಲ್ಲಿ.

ವಿಶಾಖಪಟ್ಟಣದ ಘಟಿಕೋತ್ಸವ ಸಭಾಂಗಣಕ್ಕೂ ಏಲೂರಿನ ಕಾಲೇಜಿಗೂ ಅವರ ಹೆಸರಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತ ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೇಳಬೇಕಾದ ಬದುಕು ಇದು. ತೆಲುಗು ಕವಿಯೊಬ್ಬರು ಮೈಸೂರಿನ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಸಿದರು. ಮೈಸೂರಿನಲ್ಲಿ ಕಲಿತ ಕೆಲಸದಿಂದ ತೆಲುಗರಿಗೊಂದು ವಿಶ್ವವಿದ್ಯಾಲಯ ಕಟ್ಟಿಕೊಟ್ಟರು.