ಬೆಂಗಳೂರಿನ ಜಹಗೀರುದಾರ ಶಹಾಜಿ ರಾಜೆ

ಶಹಾಜಿ ರಾಜೆ ಭೋಸಲೆ ಎಂದರೆ ಛತ್ರಪತಿ ಶಿವಾಜಿ ಮಹಾರಾಜರ ತಂದೆ ಎಂದು ಮಹಾರಾಷ್ಟ್ರದಲ್ಲಿ ಎಲ್ಲರೂ ಬಲ್ಲರು. ಆದರೆ ಅವರ ಬದುಕಿನ ಉತ್ತರಾರ್ಧದ ಬಹುಪಾಲು ಕನ್ನಡ ನಾಡಿನಲ್ಲಿ ಕಳೆಯಿತೆಂಬುದು ಅನೇಕರಿಗೆ ತಿಳಿದಿರಲಾರದು.

ವೇರೂಳಿನ ಮಾಲೋಜಿ ಭೋಸಲೆಯವರ ಪುತ್ರರಾದ ಶಹಾಜಿ, ಅಹಮದ್‌ನಗರದ ನಿಜಾಮಶಾಹಿಯ ಸೇವೆಯಲ್ಲಿ ಬೆಳೆದವರು. ತಂದೆಗೆ ದೊರೆತಿದ್ದ ಪುಣೆ, ಸುಪೆ ಪ್ರದೇಶಗಳ ಜಹಗೀರು ಅವರಿಗೂ ಮುಂದುವರಿಯಿತು. 1624ರ ಭಾತವಡಿ ಯುದ್ಧದಲ್ಲಿ ಮಲಿಕ್ ಅಂಬರನ ಪರವಾಗಿ ಹೋರಾಡಿ ಹೆಸರು ಗಳಿಸಿದರು. 1636ರಲ್ಲಿ ಮೊಗಲರು ಮತ್ತು ಬಿಜಾಪುರದವರು ಒಂದಾಗಿ ನಿಜಾಮಶಾಹಿ ರಾಜ್ಯವನ್ನು ಹಂಚಿಕೊಂಡಾಗ, ಮಾಹುಲಿ ಕೋಟೆಯನ್ನು ಬಿಟ್ಟುಕೊಟ್ಟು ಬಿಜಾಪುರದ ಮಹಮ್ಮದ್ ಆದಿಲ್‌ಶಾಹನ ಸೇವೆ ಸೇರಿದರು.

ಸುಲ್ತಾನನು ಸೇನಾನಿ ರಣದುಲ್ಲಾ ಖಾನನೊಂದಿಗೆ ಅವರನ್ನು ದಕ್ಷಿಣಕ್ಕೆ ಕಳುಹಿಸಿದನು. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾಯಿತು. ಕೆಂಪೇಗೌಡರ ವಂಶಸ್ಥರು ಮಾಗಡಿಗೆ ಸರಿಯಬೇಕಾಯಿತು. ಶಹಾಜಿಯವರ ಸೇವೆಗೆ ಪ್ರತಿಫಲವಾಗಿ ಬೆಂಗಳೂರು ಹಾಗೂ ಸುತ್ತಲಿನ ಪ್ರದೇಶ ಜಹಗೀರಾಗಿ ದೊರೆಯಿತು.

ಜಹಗೀರು ಎಂದರೆ ಭೂಮಿಯ ಒಡೆತನವಲ್ಲ, ಅದೊಂದು ಬಗೆಯ ಪಗಾರ. ಖಜಾನೆಯಿಂದ ನಗದು ಕೊಡುವ ಬದಲು ಸುಲ್ತಾನನು ಇಂತಿಷ್ಟು ಊರುಗಳ ಕಂದಾಯವನ್ನು ಸರದಾರನಿಗೆ ಬಿಟ್ಟುಕೊಡುತ್ತಿದ್ದನು. ಆ ಹಣದಿಂದಲೇ ಸರದಾರನು ಕುದುರೆ, ಸೈನಿಕರನ್ನು ಸಾಕಿ, ಕರೆ ಬಂದಾಗ ಯುದ್ಧಕ್ಕೆ ಹೊರಡಬೇಕು. ಹೊಸ ನಾಡು ಗೆದ್ದರೆ ಹಂಚಲು ಹೊಸ ಆದಾಯ ಸಿಗುತ್ತಿತ್ತು. ಗೆದ್ದವರ ಈ ಲೆಕ್ಕಾಚಾರಕ್ಕೆ ಹಣ ಹೊಂದಿಸುತ್ತಿದ್ದವನು ಮಾತ್ರ ಸೋತ ನಾಡಿನ ರೈತ.

ಕೊಟ್ಟ ಜಹಗೀರನ್ನು ಸುಲ್ತಾನನು ಯಾವಾಗ ಬೇಕಾದರೂ ಹಿಂಪಡೆಯಬಹುದಿತ್ತು. ಪುಣೆಯ ಜಹಗೀರನ್ನು ನೋಡಿಕೊಳ್ಳುತ್ತಿದ್ದ ಶಿವಾಜಿ ಕೋಟೆಗಳನ್ನು ವಶಪಡಿಸಿಕೊಳ್ಳತೊಡಗಿದಾಗ ತಂದೆಯ ನಿಷ್ಠೆಯ ಮೇಲೂ ದರ್ಬಾರಿಗೆ ಅನುಮಾನ ಬಂತು. 1648ರಲ್ಲಿ ಜಿಂಜಿಯ ಮುತ್ತಿಗೆಯ ವೇಳೆ ಶಹಾಜಿಯವರನ್ನು ಬಂಧಿಸಲಾಯಿತು. ಹತ್ತು ವರ್ಷಗಳ ದುಡಿಮೆ ಅವರನ್ನು ಸೆರೆಯಿಂದ ಕಾಪಾಡಲಿಲ್ಲ. ಮಗ ಕೊಂಡಾಣಾ ಕೋಟೆಯನ್ನು ಮರಳಿಸಿದ ಮೇಲೆ 1649ರಲ್ಲಿ ತಂದೆಯ ಬಿಡುಗಡೆಯಾಯಿತು. ಶಹಾಜಿ ಮತ್ತೆ ಸುಲ್ತಾನನ ಸೇವೆಯಲ್ಲೇ ಮುಂದುವರಿದರು.

1664ರ ಜನವರಿಯಲ್ಲಿ ಬೇಟೆಗೆ ಹೋಗಿದ್ದಾಗ ಕುದುರೆಯಿಂದ ಬಿದ್ದು ಅವರು ನಿಧನರಾದರು. ಬೆಂಗಳೂರು ಅವರ ಇನ್ನೊಬ್ಬ ಪುತ್ರ ಏಕೋಜಿಯ ಕೈಸೇರಿತು. ಮುಂದೆ ಏಕೋಜಿ ತಂಜಾವೂರಿನ ದೊರೆಯಾದರು. 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷಿಕ್ತರಾದ ಶಿವಾಜಿ ಮಹಾರಾಜರು 1677ರಲ್ಲಿ ದಕ್ಷಿಣಕ್ಕೆ ಬಂದು, ತಂದೆಯ ಜಹಗೀರಿನಲ್ಲಿ ತಮ್ಮ ಪಾಲನ್ನು ತಮ್ಮನಿಂದ ಕೇಳಿದರು. ಸೇವೆಯ ಸಂಬಳವಾಗಿ ಬಂದದ್ದು ಒಂದೇ ತಲೆಮಾರಿನಲ್ಲಿ ಪಿತ್ರಾರ್ಜಿತ ಆಸ್ತಿಯಾಗಿ, ಅಣ್ಣ ತಮ್ಮಂದಿರ ನಡುವಿನ ವ್ಯಾಜ್ಯವಾಯಿತು. 1687ರಲ್ಲಿ ಬೆಂಗಳೂರು ಮೊಗಲರ ಕೈಗೆ ಹೋಗಿ, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಸೇರಿತು.

ಬಿಜಾಪುರದ ಆದಿಲ್‌ಶಾಹಿಯೂ 1686ರಲ್ಲೇ ಅಳಿದಿತ್ತು. ಕೊಟ್ಟವರ ರಾಜ್ಯ ಉಳಿಯಲಿಲ್ಲ, ಪಡೆದವರ ಜಹಗೀರೂ ಉಳಿಯಲಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ ಶಹಾಜಿ ರಾಜೆಯವರ ಸಮಾಧಿ ಇದೆ. ಊರಿಗೆ ಹೋಗುವ ಮುಂಬಯಿ, ಪುಣೆಯ ಕನ್ನಡಿಗರು ಒಮ್ಮೆ ಅಲ್ಲಿಗೂ ಭೇಟಿ ಕೊಟ್ಟು ಬರಬಹುದು.